ಹಳಿಯಾಳದ ಹುಸೇನಬಿ, ಅಮೆರಿಕದ ವರ್ನಾಬಾಯಿ

ಮೊನ್ನೆ ಸ್ಟೇಷನ್ನಿನ ಹೊರಗಿನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ರಿಪೇರಿಯವನು ನನ್ನ ಫೋನಿನ ಹೊಟ್ಟೆ ಬಿಚ್ಚಿ, ಕಾದ ಬೆಸುಗೆ ಕಡ್ಡಿಯನ್ನು ಅದರೊಳಗೆ ಇಟ್ಟಾಗ ಒಂದೆಳೆ ಹೊಗೆ ಎದ್ದು ನನ್ನ ಮುಖದ ಕಡೆ ಬಂತು. ಕಾದ ರಾಳದ ವಾಸನೆ. "ಆಂಟೀ, ಜರಾ ಪೀಛೇ" ಎಂದ ಆತ. ನಾನು ಹಿಂದೆ ಸರಿಯುವ ಬದಲು ಇನ್ನಷ್ಟು ಮುಂದಕ್ಕೆ ಬಾಗಿದೆ. ಈ ಮುದುಕಿಗೆ ಏನಾಗಿದೆ ಎಂಬಂತೆ ನೋಡಿ ತನ್ನ ಕೆಲಸಕ್ಕೆ ಮರಳಿದ.

ಹರೆಯ ನೆನಪಾಗಲು ಕೆಲವರಿಗೆ ಮಲ್ಲಿಗೆ ಬೇಕು, ಕೆಲವರಿಗೆ ಹಳೆಯ ಹಾಡು ಬೇಕು. ನನಗೆ ಬೆಸುಗೆಯ ಹೊಗೆ ಸಾಕು. ಏನು ಮಾಡುವುದು ಹೇಳಿ, ನನ್ನ ಹರೆಯ ಕಳೆದದ್ದೇ ಜೋಗೇಶ್ವರಿಯ ಒಂದು ಗಾಳಾದಲ್ಲಿ. ಸಣ್ಣ ಕಾರ್ಖಾನೆಗಳು ಸಾಲಾಗಿದ್ದ ಕಟ್ಟಡದಲ್ಲಿ ಒಂದೊಂದು ಕೋಣೆಗೂ ಗಾಳಾ ಎನ್ನುತ್ತಿದ್ದರು. ನಮ್ಮದರಲ್ಲಿ ರೇಡಿಯೋದ ಒಳಭಾಗಗಳು ತಯಾರಾಗುತ್ತಿದ್ದವು. ವಿಜಾಪುರದಲ್ಲಿ ಬಿ.ಎ. ಮುಗಿಸಿ, ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಅಣ್ಣನ ಮನೆಗೆ ಬಂದ ನಾನು ಅಲ್ಲಿ ಟೈಪಿಸ್ಟ್ ಆಗಿದ್ದೆ. ಬಸ್ಸು ಹಿಡಿದು ದಾದರ್, ಅಲ್ಲಿಂದ ಲೋಕಲ್ ರೈಲು. ಕೈಯಲ್ಲಿ ಡಬ್ಬಿ, ತಲೆಯಲ್ಲಿ ನಾನು ಇಂಗ್ಲಿಷ್ ಬಲ್ಲವಳೆಂಬ ಗರ್ವ. ಗರ್ವದ ಭಾರ ಡಬ್ಬಿಗಿಂತ ಸ್ವಲ್ಪ ಹೆಚ್ಚೇ ಇತ್ತು.

ನಮ್ಮ ಮಾಲೀಕ ಕಾಂತಿಭಾಯಿ ಸೇಠ್ ಕೆಟ್ಟ ಮನುಷ್ಯನಲ್ಲ. ಕೂತು ಮಾಡುವ ಕೆಲಸವಾದ್ದರಿಂದ ಬೆಸುಗೆಯ ಮೇಜಿಗೆ ಕಾಲಿಲ್ಲದವರನ್ನು, ಪೋಲಿಯೋ ಆದವರನ್ನು ತೆಗೆದುಕೊಂಡಿದ್ದ. ಬಂದವರಿಗೆಲ್ಲ ಅವರನ್ನು ತೋರಿಸಿ, ಇದು ನನ್ನ ಪುಣ್ಯದ ಕೆಲಸ ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಮೇಜಿನ ತುದಿಯಲ್ಲಿ ಕೂತ ಹುಸೇನಬಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಕ್ಕಾರ, ಪುಣ್ಯಾ ಅವರಿಗೆ, ಕೈ ಸುಡೂದು ನಮಗ" ಎನ್ನುತ್ತಿದ್ದಳು. ಸೇಠ್‌ಗೆ ಕನ್ನಡ ಬಾರದು. ಆಕೆ ನಗುತ್ತಿದ್ದಾಳಲ್ಲ ಎಂದು ತಾನೂ ನಗುತ್ತಿದ್ದ.

ಹುಸೇನಬಿ ಹಳಿಯಾಳದ ಕಡೆಯ ಸಿದ್ದಿ. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ಹೊತ್ತು ತಂದ ಜನ, ಒಡೆಯರ ಕೈತಪ್ಪಿಸಿಕೊಂಡು ಕಾಡು ಸೇರಿದವರು, ಅವರ ಪೈಕಿ. ಕಪ್ಪಗೆ ಹೊಳೆಯುವ ಮುಖ, ಯಾವ ಎಣ್ಣೆಗೂ ಬಗ್ಗದ ಗುಂಗುರು ಕೂದಲು, ಎಡಗಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಲ್ಲಿ ಒಂದು ಊರುಗೋಲು. ಜೋಗೇಶ್ವರಿಯಲ್ಲೇ ಸಾಲುಕೋಣೆಗಳ ಒಂದು ಚಾಳಿನಲ್ಲಿ ಚಿಕ್ಕಮ್ಮನ ಜೊತೆಗಿದ್ದಳು. ಆ ಚಿಕ್ಕಮ್ಮನನ್ನು ಇಡೀ ಚಾಳು ಖಾಲಾ ಎಂದು ಕರೆಯುತ್ತಿತ್ತು. ಲೋಕಲಿನಲ್ಲಿ ಹುಸೇನಬಿಯನ್ನು ಕಂಡವರು, ಯಾವ ದೇಶ ನಿಮ್ಮದು ಎಂದು ಕೇಳುವರು. "ಹಳಿಯಾಳ ದೇಶ" ಎನ್ನುವಳು. ಅದೆಲ್ಲಿದೆ ಎಂದರೆ, "ದಾಂಡೇಲಿ ದೇಶದ ಬಾಜೂಕ" ಎನ್ನುವಳು. ಕೇಳಿದವರು ಗಂಭೀರವಾಗಿ ತಲೆಯಾಡಿಸುವರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಸೇಠ್ ತಗಡು ಒತ್ತುವ ಹೊಸ ಪ್ರೆಸ್ ಯಂತ್ರಗಳನ್ನು ಕೊಂಡ. ಭಾರದ ಯಂತ್ರಗಳು, ಅವು ನೆಲಮಹಡಿಯಲ್ಲೇ ಇರಬೇಕು. ಬೆಸುಗೆಯ ಮೇಜು ಎರಡನೇ ಮಹಡಿಗೆ ಹೋಗಬೇಕು. ಲಿಫ್ಟ್ ಇಲ್ಲ, ಕಡಿದಾದ ಮೆಟ್ಟಿಲು. ಹತ್ತಲಾಗದವರ ಮನೆಗೇ ಕೆಲಸ ಕಳಿಸುತ್ತೇನೆ, ಆರಾಮಾಗಿ ಮಾಡಿಕೊಳ್ಳಿ ಎಂದ. ಉಪಕಾರವನ್ನೇ ಮಾಡುತ್ತಿದ್ದೇನೆಂದು ಅವನು ನಿಜಕ್ಕೂ ನಂಬಿದ್ದ. ನನಗೂ ಅದು ಒಳ್ಳೆಯ ಏರ್ಪಾಡೆಂದೇ ಕಂಡಿತು, ಹಾಗೆಂದು ಹುಸೇನಬಿಗೆ ಹೇಳಿಯೂ ಬಿಟ್ಟೆ.

ಆಕೆ ಕಡ್ಡಿ ಕೆಳಗಿಟ್ಟಳು. "ಅಕ್ಕಾರ, ಇಲ್ಲಿ ನಾ ಹುಸೇನಬಿ ಅದೀನಿ. ಮನ್ಯಾಗ ಕುಂತ್ರ ಬರೇ ಕುಂಟಿ ಆಗ್ತೀನಿ. ನಿಮಗ ಟೈಪ್ ಮಶೀನ ಮನೀಗ ಕಳಸ್ತೀನಿ ಅಂದ್ರ ಹೋಗ್ತೀರೇನು?"

ಅಣ್ಣನ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಟೈಪ್ ಹೊಡೆಯುತ್ತ, ನಡುನಡುವೆ ಅತ್ತಿಗೆಗೆ ಕೊತ್ತಂಬರಿ ಬಿಡಿಸಿಕೊಡುತ್ತ ಕೂತ ನನ್ನನ್ನು ನಾನು ಕಲ್ಪಿಸಿಕೊಂಡೆ. 

ಅದೇ ದಿನಗಳಲ್ಲಿ ಪರೇಲಿನ ಒಂದು ಮಹಿಳಾ ಸಮಾಜದವರು ಅಮೆರಿಕದಿಂದ ಬಂದಿದ್ದ ಅತಿಥಿಯೊಬ್ಬರಿಗೆ ಚಹಾಕೂಟ ಇಟ್ಟುಕೊಂಡರು. ಅಂಗವಿಕಲರ ಹಕ್ಕಿಗಾಗಿ ಹೋರಾಡಿದ ಹೆಂಗಸಂತೆ. ನಮ್ಮ ಬೆಸುಗೆಯವರಿಗೂ ಕರೆ ಬಂತು. ದುಭಾಷಿಯಾಗಿ ಸೇಠ್ ನನ್ನನ್ನು ಕಳಿಸಿದ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಸ್ಸಿನುದ್ದಕ್ಕೂ ಬಾಯೊಳಗೇ ಇಂಗ್ಲಿಷ್ ವಾಕ್ಯಗಳನ್ನು ತಿರುವಿಕೊಳ್ಳುತ್ತ ಹೋದೆ.

ಅತಿಥಿಯ ಹೆಸರು ವರ್ನಾ. ಗಾಲಿಕುರ್ಚಿಯಲ್ಲಿ ಬಂದರು. ಅಮೆರಿಕದವರೆಂದರೆ ಬೆಳ್ಳಗಿರುತ್ತಾರೆಂದು ತಿಳಿದಿದ್ದ ನಮ್ಮೆದುರು ಹುಸೇನಬಿಯಷ್ಟೇ ಕಪ್ಪಗಿನ ಹೆಂಗಸು, ಹಳದಿ ಅಂಗಿ, ಕಿವಿಯಲ್ಲಿ ಬಳೆಯಷ್ಟು ದೊಡ್ಡ ರಿಂಗು. ಸಭೆಯ ಹಾಲಿಗೆ ಹೋಗಲು ಮೆಟ್ಟಿಲುಗಳಿದ್ದವು. ಕುರ್ಚಿಯನ್ನು ಎತ್ತಲು ಗಂಡಸರು ಅಂಗಿಯ ತೋಳು ಮಡಚಿ ಮುಂದೆ ಬಂದರು. ವರ್ನಾ ಕೈ ಅಡ್ಡ ಹಿಡಿದು, ಅಂಗಳದ ಬಾದಾಮಿ ಮರ ತೋರಿಸಿ ಏನೋ ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಆ ಇಂಗ್ಲಿಷ್ ನಾನು ಓದಿದ ಇಂಗ್ಲಿಷ್ ಆಗಿರಲಿಲ್ಲ. ಅದು ಹಾಡಿನಂತೆ ಎಳೆದುಕೊಂಡು ಹೋಗುತ್ತಿತ್ತು. ಎರಡು ಸಲ ಕೇಳಿ ತಿಳಿದುಕೊಂಡೆ. "ನನ್ನನ್ನು ಮೇಲೆತ್ತುವುದು ಬೇಡ, ಚಹಾವನ್ನೇ ಕೆಳಗೆ ತನ್ನಿ" ಎನ್ನುತ್ತಿದ್ದರು.

ಸಮಾಜದ ಅಧ್ಯಕ್ಷೆ ತಬ್ಬಿಬ್ಬಾದರೂ ಒಳ್ಳೆಯವರು. ಟ್ರೇಗಳು, ಕುರ್ಚಿಗಳು, ಹಾರ, ಕೊನೆಗೆ ಸ್ವಾಗತದ ಬ್ಯಾನರ್ ಕೂಡ ಹೊರಗೆ ಬಂತು. ಬಿಸ್ಕತ್ತಿಗೆ ಕಾಗೆಗಳೂ ಬಂದವು. ಆ ಸಂಜೆಯಷ್ಟು ಗಾಳಿಬೆಳಕಿನ ಸಭೆಯನ್ನು ನಾನು ಮತ್ತೆ ಕಂಡಿಲ್ಲ.

ವರ್ನಾ ಎಲ್ಲರ ಕೈ ಕುಲುಕುತ್ತ ಬಂದು ಹುಸೇನಬಿಯ ಮುಂದೆ ಕುರ್ಚಿ ನಿಲ್ಲಿಸಿದರು. ಬಹಳ ಹೊತ್ತು ನೋಡಿದರು.

"ನಿನ್ನ ಜನ ಎಲ್ಲಿಯವರು?" ಎಂದು ಕೇಳಿದರು. ನಾನು ಕನ್ನಡ ಮಾಡಿದೆ.

"ಹಳಿಯಾಳ ತಾಲೂಕು" ಎಂದಳು ಹುಸೇನಬಿ. ಈ ಸಲ ತಮಾಷೆ ಮಾಡಲಿಲ್ಲ.

"ಅದಕ್ಕೂ ಮುಂಚೆ?"

"ಅದಕ್ಕೂ ಮದಲ ಸಮುದ್ರ ಅಂತಿದ್ಲು ನಮ್ಮಜ್ಜಿ. ಅದರ ಆಚೀಗೆ ಆಕೀಗೂ ಗೊತ್ತಿರಲಿಲ್ಲ."

ಅದನ್ನು ನಾನು ಇಂಗ್ಲಿಷ್ ಮಾಡಿದೆ. ವರ್ನಾ ಕೇಳಿಸಿಕೊಂಡು, "ನನ್ನ ಅಜ್ಜಿಯೂ ಅಷ್ಟೇ ಹೇಳುತ್ತಿದ್ದಳು" ಎಂದರು. ಇಬ್ಬರೂ ಕೈ ಹಿಡಿದುಕೊಂಡರು. ಒಂದಿಷ್ಟು ಹೊತ್ತು ಅವರಿಗೆ ನಾನು ಬೇಕಾಗಲಿಲ್ಲ.

ಆಮೇಲೆ ಮರದ ಕೆಳಗೆ ವರ್ನಾ ತಮ್ಮ ಊರಿನ ಕಥೆ ಹೇಳಿದರು. ಅಂಗವಿಕಲರನ್ನು ಹೊರಗಿಡಬಾರದೆಂಬ ಕಾನೂನು ಅಲ್ಲಿ ಬರೆದಾಗಿತ್ತು, ಅದನ್ನು ಜಾರಿಗೆ ತರುವ ಸಹಿ ಮಾತ್ರ ಬೀಳುತ್ತಿರಲಿಲ್ಲ. ಆಗ ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳದವರು ಸೇರಿ ಒಂದು ಸರ್ಕಾರಿ ಕಚೇರಿಯ ಒಳಗೆ ಹೋಗಿ ಕೂತರು. ಸಹಿಯಾಗುವ ತನಕ ಎದ್ದು ಬರುವುದಿಲ್ಲವೆಂದರು. ವಾರಗಟ್ಟಲೆ ಕೂತರು. ಅವರಲ್ಲಿ ಬಿಳಿಯರೂ ಇದ್ದರು, ಕರಿಯರೂ ಇದ್ದರು. ಒಳಗೆ ಊಟಕ್ಕೇನು ಗತಿ? ತಮ್ಮ ಕೇರಿಯ ಮಕ್ಕಳಿಗೆ ಬೆಳಗಿನ ತಿಂಡಿ ಹಂಚುತ್ತಿದ್ದ ಕರಿಯರ ಸಂಘದವರು ದಿನವೂ ಬಿಸಿ ಅಡುಗೆ ಮಾಡಿ ಪಾತ್ರೆಗಳಲ್ಲಿ ಹೊತ್ತು ತಂದರು. ಕಾವಲಿನವರು ತಡೆದರೆ, ದಾರಿ ಬಿಡುವ ತನಕ ಜಗ್ಗಲಿಲ್ಲ. ಕೊನೆಗೆ ಸಹಿ ಬಿತ್ತು.

"ಜನ ಈ ಕಥೆ ಹೇಳುವಾಗ ನಮ್ಮವರನ್ನು ಮರೆಯುತ್ತಾರೆ" ಎಂದರು ವರ್ನಾ. "ಅದಕ್ಕೇ ನಾನು ಹೇಳುವಾಗ ಅವರನ್ನು ಬಿಡುವುದಿಲ್ಲ. ಕೂತವರಲ್ಲೂ ನಮ್ಮವರಿದ್ದರು, ಉಣಿಸಿದವರೂ ನಮ್ಮವರು."

ಅಧ್ಯಕ್ಷೆ, ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದರು. ಹುಸೇನಬಿ ಊರುಗೋಲು ಎತ್ತಿದಳು. ದೊಡ್ಡ ಪ್ರಶ್ನೆಯೇ ಬರುತ್ತದೆಂದು ನಾನು ಸೆಟೆದು ನಿಂತೆ.

"ಅಡಗಿ ಏನ ಮಾಡಿದ್ರಂತ ಕೇಳ್ರಿ."

ವರ್ನಾ ತಲೆ ಹಿಂದಕ್ಕೆ ಹಾಕಿ ನಕ್ಕ ನಗುವಿಗೆ ಕಾಗೆಗಳು ಮರ ಬಿಟ್ಟು ಹಾರಿದವು. ಕರಿದ ಕೋಳಿ ಎಂದರು, ಮಸಾಲೆ ಹಾಕಿದ ಕಾಳು ಎಂದರು, ಇನ್ನೂ ಏನೇನೋ ಹೇಳಿದರು. ಅವುಗಳಿಗೆ ಕನ್ನಡ ನನ್ನಲ್ಲಿರಲಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ "ಪಲ್ಯ" ಎಂದು ಹೇಳಿ ಮುಗಿಸಿದೆ. ಕೊನೆಗೆ ಹುಸೇನಬಿ ಒಂದು ಖಾಲಿ ಟ್ರೇ ಮಗುಚಿ ತೊಡೆಯ ಮೇಲಿಟ್ಟುಕೊಂಡು ತಮ್ಮೂರ ಡಮಾಮಿ ಬಾರಿಸುವ ಹಾಗೆ ಬಾರಿಸಿದಳು. ವರ್ನಾಬಾಯಿ ಗಾಲಿಗಳನ್ನು ಹಿಂದೆ ಮುಂದೆ ಆಡಿಸುತ್ತ ಕುರ್ಚಿಯನ್ನೇ ಕುಣಿಸಿದರು. ಅಧ್ಯಕ್ಷೆಯ ಕಾಲೂ ತಾಳ ಹಾಕುತ್ತಿದ್ದುದನ್ನು ನಾನು ಕಂಡೆ.

ಮರುವಾರ ಯಂತ್ರಗಳ ಲಾರಿ ಬಂತು. ಗಾಳಾದ ಬಾಗಿಲಿಗೆ ಅಡ್ಡವಾಗಿ ಹುಸೇನಬಿ ಕೂತಿದ್ದಳು. ಪಕ್ಕದಲ್ಲಿ ಬೆಸುಗೆಯ ಮೇಜಿನವರೆಲ್ಲ, ಊರುಗೋಲುಗಳನ್ನು ಮುಂದೆ ಚಾಚಿಕೊಂಡು. ಸೇಠ್ ಗದರಿದ, ಬೇಡಿಕೊಂಡ, ಪುಣ್ಯದ ಮಾತು ತೆಗೆದ. ಯಾರೂ ಏಳಲಿಲ್ಲ. ಪೊಲೀಸರನ್ನು ಕರೆಯುತ್ತೇನೆ ಎಂದ. "ಕರೀರಿ. ಎತ್ತಾಕ ಭಾಳ ಮಂದಿ ಬೇಕಾಗ್ತಾರ" ಎಂದಳು ಹುಸೇನಬಿ. ಹಿಂದಿ ಬಲ್ಲ ಆಕೆ ಅಂದು ಬೇಕೆಂದೇ ಕನ್ನಡವನ್ನಷ್ಟೇ ಆಡಿದಳು, ನನಗೆ ಅದನ್ನು ಹಿಂದಿ ಮಾಡಿ ಹೇಳುವ ಕೆಲಸ. ಬರುಬರುತ್ತ ನನ್ನ ಅನುವಾದ ಆಕೆಯ ಮಾತಿಗಿಂತ ಉದ್ದವಾಗುತ್ತಿದೆ, ಖಾರವೂ ಆಗುತ್ತಿದೆ ಎಂದು ನನಗೇ ಗೊತ್ತಾಯಿತು. ಸೇಠ್ ನನ್ನ ಕಡೆ ಬೆರಳು ತೋರಿಸಿ, "ತುಮ್ ಕಿಸ್ ಕೀ ತರಫ್ ಹೋ?" ಎಂದ. ನೀನು ಯಾರ ಕಡೆ?

ಊರಿನಲ್ಲಿ ಅಪ್ಪ ನನ್ನ ಸಂಬಳದ ಹಾದಿ ಕಾಯುತ್ತಿದ್ದರು. ಕೆಲಸ ಹೋದರೆ ಮದುವೆ ಮಾಡಿ ಕೈತೊಳೆದುಕೊಳ್ಳಲು ಅಣ್ಣ ಸಿದ್ಧನಿದ್ದ. ಇದೆಲ್ಲ ತಲೆಯಲ್ಲಿ ಸುಳಿಯಿತು.  ಆದರೂ ನಾನು ಹೋಗಿ ಹುಸೇನಬಿಯ ಪಕ್ಕ ಕೂತೆ. ಆಕೆ ಸ್ವಲ್ಪ ಸರಿದು ಜಾಗ ಕೊಟ್ಟಳು.

ಮಧ್ಯಾಹ್ನ ಖಾಲಾ ಚಾಳಿನ ಹೆಂಗಸರನ್ನು ಕಟ್ಟಿಕೊಂಡು ಬಂದಳು. ತಲೆಯ ಮೇಲೆ ಅನ್ನದ ಹಂಡೆ, ಕುರ್ಮಾದ ಪಾತ್ರೆ, ರೊಟ್ಟಿಯ ಗಂಟು. ಬೇರೆಯೇ ಒಂದು ಡಬ್ಬಿಯಲ್ಲಿ, ಜೈನನಾದ ಸೇಠ್‌ಗೆಂದು, ಈರುಳ್ಳಿ ಬೆಳ್ಳುಳ್ಳಿ ಏನೂ ಇಲ್ಲದ ಬೇಳೆ. ಅದನ್ನು ಸೇಠ್‌ನ ಮೇಜಿನ ಮೇಲಿಟ್ಟು, "ಅಲಗ್ ಬರ್ತನ್ ಮೇ ಬನಾಯಾ ಹೈ, ಖಾ ಲೋ ಬೇಟಾ" ಎಂದಳು. ಬೇರೆ ಪಾತ್ರೆಯಲ್ಲೇ ಮಾಡಿದ್ದೇನೆ ಮಗಾ, ಉಣ್ಣು.  ಸೇಠ್ ಉಂಡದ್ದನ್ನು ಯಾರೂ ಕಾಣಲಿಲ್ಲ. ಸಂಜೆ ಡಬ್ಬಿ ತೊಳೆದು ಒರೆಸಿ ಬಾಗಿಲ ಬಳಿ ಇಟ್ಟಿತ್ತು.

ಹೀಗೆ ಕೆಲವು ದಿನ ನಡೆಯಿತು. ಲಾರಿಯವನೂ ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರತೊಡಗಿದ. ಒಂದು ಬೆಳಿಗ್ಗೆ ಸೇಠ್ ತಾನೇ ಬಂದು ಹುಸೇನಬಿಯ ಎದುರು ಕುಕ್ಕರುಗಾಲಲ್ಲಿ ಕೂತ. ಪಕ್ಕದ ನೆಲಮಹಡಿಯ ಗಾಳಾ ಖಾಲಿಯಿದೆ, ಯಂತ್ರಗಳು ಅಲ್ಲಿಗೆ ಹೋಗುತ್ತವೆ, ನೀವು ಇಲ್ಲೇ ಇರಿ ಎಂದ. ಹುಸೇನಬಿ ಒಪ್ಪಿದಳು. ಒಪ್ಪಿ, ಏಳದೆ, ಬಾಗಿಲ ಮುಂದಿನ ಮೆಟ್ಟಿಲುಗಳನ್ನು ಊರುಗೋಲಿನಿಂದ ತಟ್ಟಿದಳು. "ಇವನ್ನೂ ತಗೀಸಿಬಿಡ್ರಿ." ಸೇಠ್ ನನ್ನ ಅನುವಾದಕ್ಕೆ ಕಾಯಲೇ ಇಲ್ಲ. ಅಷ್ಟರಲ್ಲಿ ಅವನಿಗೆ ಕನ್ನಡ ಬರತೊಡಗಿತ್ತು.

ಸಿಮೆಂಟಿನ ಇಳಿಜಾರು ಬಂದ ದಿನ ಎಲ್ಲರಿಗಿಂತ ಖುಷಿಪಟ್ಟವರು ಕೈಗಾಡಿಯ ಹಮಾಲರು. ಆಮೇಲೆ ಸೈಕಲ್ಲಿನ ಚಹಾದವನು. ಆಮೇಲೆ ಕಾಂತಿಭಾಯಿಯ ಮುದಿ ತಾಯಿ. ಮಗನ ಕಾರ್ಖಾನೆಯೊಳಗೆ ಆಕೆ ಮೊದಲ ಬಾರಿ ಕಾಲಿಟ್ಟದ್ದು ಆಗಲೇ. ಹುಸೇನಬಿ ಅಲ್ಲಿಗೆ ನಿಲ್ಲಲಿಲ್ಲ. ಅಕ್ಕಪಕ್ಕದ ಗಾಳಾಗಳವರನ್ನು ಕೂಡಿಸಿ ಸಂಘ ಕಟ್ಟಿದಳು. ರೇಷನ್ ಅಂಗಡಿ, ಅಂಚೆ ಕಚೇರಿ, ಎಲ್ಲಿ ಮೆಟ್ಟಿಲು ಅಡ್ಡ ಬಂತೋ ಅಲ್ಲಿ ಹೋಗಿ ಕೂತಳು. ಎಲ್ಲ ಕಡೆ ಗೆಲ್ಲಲಿಲ್ಲ, ಎಲ್ಲ ಕಡೆ ಊಟವಂತೂ ಆಯಿತು. ಪ್ರತಿ ಸಲವೂ ಮೊದಲು ವರ್ನಾಬಾಯಿಯ ಊರಿನ ಕಥೆ ಹೇಳುವಳು, ಅದೂ ಅಡುಗೆಯವರಿಂದಲೇ ಶುರು ಮಾಡಿ. ಮುಂದೆ ಬೆಸುಗೆಯ ಮೇಜಿನ ಇಸ್ಮಾಯಿಲ್‌ನನ್ನೇ ಮದುವೆಯಾಗಿ ಹಳಿಯಾಳಕ್ಕೆ ಹೋದಳು. ಅಲ್ಲಿಯ ಸಿದ್ದಿಗಳ ಕೇರಿಯ ಶಾಲೆಗೆ ಕುಂಟುವ ಮಕ್ಕಳೂ ಬರುವಂತೆ ಮಾಡಿದಳು. ಈಗಲೂ ಫೋನು ಮಾಡುತ್ತಾಳೆ. "ಇನ್ನೂ ಇಂಗ್ಲಿಷ ಮಾತಾಡ್ತೀರೇನ್ರಿ ಅಕ್ಕಾರ?" ಎಂದು ಕೇಳುತ್ತಾಳೆ.

ರಿಪೇರಿಯಾದ ಫೋನು ಕೈಗೆ ಬಂದ ಸಂಜೆಯೇ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಕರೆ ಮಾಡಿದರು. ಭಾನುವಾರ ಟೆರೇಸಿನಲ್ಲಿ ಸೊಸೈಟಿಯ ಮೀಟಿಂಗ್. ಲಿಫ್ಟ್ ಅಲ್ಲಿಯ ತನಕ ಹೋಗುವುದಿಲ್ಲ. "ನಿಮ್ಮ ಮೊಣಕಾಲಿನ ತೊಂದರೆ ಗೊತ್ತು, ನೀವು ಬರೋದೇನೂ ಬೇಡ. ಆಮೇಲೆ ಮನೆಗೇ ಬಂದು ಹೇಳ್ತೀವಿ" ಎಂದರು, ಬಹಳ ಪ್ರೀತಿಯಿಂದ. ಎರಡು ವರ್ಷದಿಂದ ಅವರು ಹಾಗೆನ್ನುತ್ತಿದ್ದಾರೆ, ನಾನೂ ಥ್ಯಾಂಕ್ಸ್ ಎನ್ನುತ್ತಿದ್ದೇನೆ.

ಈ ಭಾನುವಾರ ಒಂದು ದೊಡ್ಡ ಪಾತ್ರೆ ಒಗ್ಗರಣೆ ಅವಲಕ್ಕಿ ಮಾಡಿದೆ. ಮೂರನೇ ಮಹಡಿಯ ಡಿಸೋಜಾ ಬಾಯಿ ತಮ್ಮ ವಾಕರಿನೊಂದಿಗೆ ಬಂದರು, ಕಣ್ಣು ಮಂಜಾದ ಜೋಶಿಯವರು ಸೊಸೆಯ ತೋಳು ಹಿಡಿದು ಬಂದರು. ಮೂವರೂ ಕೆಳಗೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಕೂತೆವು. ನಾನು ಸೆಕ್ರೆಟರಿಗೆ ಫೋನು ಹಚ್ಚಿ, ನಾವು ಮೀಟಿಂಗಿಗೆ ಬಂದಿದ್ದೇವೆ, ಮೀಟಿಂಗ್ ಮಾತ್ರ ಇನ್ನೂ ಬಂದಿಲ್ಲ ಎಂದೆ. ಮೇಲಿನಿಂದ ಯಾರೋ ಬಗ್ಗಿ ನೋಡಿದರು. ಆಮೇಲೆ ಇನ್ನೊಬ್ಬರು. ನಾನು ಅವಲಕ್ಕಿಯ ಮುಚ್ಚಳ ತೆಗೆದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಗೋಡೆಗೆ ತಾಕುತ್ತ, ಒಂದರ ಹಿಂದೊಂದು ಇಳಿದು ಬರುವ ಸದ್ದು ಕೇಳಿಸಿತು.