ಎರಡನೇ ವಿಮಾನದ ಮೊದಲ ಹಾರಾಟ

ಮೊದಲನೇ ವಿಮಾನವನ್ನು ಕಂಡರೆ ನನಗಾಗುತ್ತಿರಲಿಲ್ಲ. ರಿಮೋಟಿನಿಂದ ಹಾರಿಸುವ, ಹೊಸಬರಿಗೆಂದೇ ಮಾಡಿದ ವಿಮಾನ ಅದು. ರೆಕ್ಕೆ ಬೆನ್ನ ಮೇಲೆ. ಎಷ್ಟೇ ವಾಲಿಸಿದರೂ ಕೈ ಬಿಟ್ಟೊಡನೆ ತಾನಾಗಿ ನೆಟ್ಟಗಾಗುವ ಸಾಧು ಪ್ರಾಣಿ. ನಮ್ಮ ಬ್ಯಾಂಕಿನಲ್ಲಿ ನಾನು ಬೈದರೂ ತಲೆಯಾಡಿಸುವ ಗುಮಾಸ್ತರನ್ನು ಕಂಡಾಗ ಬರುವ ಸಿಟ್ಟೇ ಅದನ್ನು ಕಂಡಾಗಲೂ ಬರುತ್ತಿತ್ತು.

ಕೊಚ್ಚಿಗೆ ವರ್ಗವಾಗಿ ಬಂದು ಏಳು ವರ್ಷ. ಇಲ್ಲಿಯ ಬೆವರು, ದಪ್ಪಕ್ಕಿ ಅನ್ನ, ಮಾತುಮಾತಿಗೂ ‘ಸಾರೇ’ ಎನ್ನುವ ರಾಗ, ಯಾವುದೂ ನನಗೆ ಒಗ್ಗಿಲ್ಲ. ಒಗ್ಗಿಸಿಕೊಳ್ಳುವ ಮನಸ್ಸೂ ಇಲ್ಲ. ಮನೆಯಲ್ಲಿ ಒಂದು ಕಾನೂನು ಮಾಡಿದ್ದೆ: ಮಗಳು ಮಲಯಾಳದಲ್ಲಿ ಏನು ಕೇಳಿದರೂ ಯಾರೂ ಉತ್ತರ ಕೊಡಬಾರದು. ಧಾರವಾಡದವನ ಮಗಳು ಅನ್ನಕ್ಕೆ ‘ಚೋರು’ ಎಂದರೆ ನನ್ನ ಮೈ ಉರಿಯುತ್ತಿತ್ತು.

“ಕನ್ನಡದಾಗ ಕೇಳು. ಇಲ್ಲಾಂದ್ರ ನನಗ ಕೇಳಸೂದಿಲ್ಲ.”

“ನಿಮ್ಮ ಮೊಲಕ್ಕ ಯಾವಾಗ್ಲೂ ಮೂರ ಕಾಲು,” ಎಂದು ಹೆಂಡತಿ ಗೊಣಗುತ್ತಿದ್ದಳು. ಮಗಳಿಗೆ ಹದಿನಾರು ವರ್ಷ. ಅವಳು ಕನ್ನಡಕ್ಕೆ ತಿರುಗಲಿಲ್ಲ, ನನ್ನನ್ನು ಕೇಳುವುದನ್ನೇ ಕಡಿಮೆ ಮಾಡಿದಳು.

ನಮ್ಮಿಬ್ಬರ ನಡುವೆ ಉಳಿದಿದ್ದು ರವಿವಾರ ಬೆಳಗಿನ ಎರಡು ಗಂಟೆ ಹೊತ್ತು. ಊರಾಚೆ ಕೊಯ್ಲು ಮುಗಿದ ಬಯಲಿನಲ್ಲಿ ನಾವಿಬ್ಬರೂ ವಿಮಾನ ಹಾರಿಸುತ್ತಿದ್ದೆವು. ಅಲ್ಲಿ ಹೆಚ್ಚು ಮಾತು ಬೇಕಿರಲಿಲ್ಲ. ಅದೂ ಕೈತಪ್ಪಿದರೆ ಮಗಳು ನನ್ನ ಪಾಲಿಗಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿಗೂ ಮೂಗಿನ ತುದಿಯ ಸಿಟ್ಟನ್ನು ಹೊತ್ತುಕೊಂಡೇ ಹೋಗುತ್ತಿದ್ದೆ.

ನಮಗೆ ಕಲಿಸುತ್ತಿದ್ದವನು ವಲ್ಲಾರ್ಪಾಡಂ ಬಂದರಿನಲ್ಲಿ ಕ್ರೇನ್ ನಡೆಸುವ ಮನುಷ್ಯ. ಎರಡನೇ ವಿಮಾನದ ಮಾತು ಬಂದಾಗ, ರೆಕ್ಕೆ ಹೊಟ್ಟೆಯ ಕೆಳಗಿರಲಿ, ನಿಧಾನಕ್ಕೂ ಹಾರಲಿ, ವಾಲಿಸಿದ ಕಡೆ ವಾಲಿಕೊಂಡೇ ಇರುವಂಥದ್ದಾಗಲಿ ಎಂದ. ನನಗೆ ಬೇಕಿದ್ದದ್ದು ಮೂತಿಯ ಮೇಲೆ ಹಲ್ಲು ಕಿರಿದ ಚಿತ್ರವಿರುವ ಯುದ್ಧವಿಮಾನ.

“ಅದು ನಿಮ್ಮ ಐದನೇ ವಿಮಾನ ಸಾರೇ, ಎರಡನೇದಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ. ಅವನ ಸಮಾಧಾನ ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಒಂದು ಶನಿವಾರ ಮಗಳೂ ನಾನೂ ವೈಟ್ಟಿಲ ನಿಲ್ದಾಣದಲ್ಲಿ ಬಸ್ಸು ಹಿಡಿದು ತಿರುವನಂತಪುರಕ್ಕೆ ಹೋದೆವು. ಚಾಲೈ ಬೀದಿಯ ಹಿಂದೆ, ಮೆಣಸಿನಕಾಯಿ ಚೀಲಗಳ ಘಾಟಿಗೆ ಸೀನುತ್ತ ಮಹಡಿ ಹತ್ತಿದರೆ ವಿಮಾನದ ಅಂಗಡಿ. ಮಗಳು ಮತ್ತು ಅಂಗಡಿಯಾತ ಅರ್ಧ ಗಂಟೆ ಮಲಯಾಳದಲ್ಲಿ ಮಾತಾಡಿದರು. ಅವಳು ರೆಕ್ಕೆಯನ್ನು ಬೆರಳಿನಿಂದ ಬಾಗಿಸಿ ನೋಡಿದಳು, ಮೂತಿ ಭಾರವೋ ಬಾಲ ಭಾರವೋ ಎಂದು ಎತ್ತಿ ನೋಡಿದಳು, ಅವನು ಏನೋ ಅಂದದ್ದಕ್ಕೆ ಜೋರಾಗಿ ನಕ್ಕಳು. ಮನೆಯಲ್ಲಿ ಅವಳು ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ. ನಾನು ಹಲ್ಲಿನ ವಿಮಾನದ ಪೆಟ್ಟಿಗೆ ಹಿಡಿದು ಬೆಪ್ಪನಂತೆ ನಿಂತಿದ್ದೆ.

ಕೊನೆಗೆ ಅವಳು ಆರಿಸಿದ ಹಳದಿ ವಿಮಾನವನ್ನೇ ಕೊಂಡೆವು. ಕ್ರೇನಿನವನು ಹೇಳಿದಂಥದ್ದೇ ಅದು.

“ಆತು. ಆದ್ರ ಮೊದ್ಲ ಹಾರಸಾಂವ ನಾನ,” ಎಂದೆ. ಬಸ್ಸಿನಲ್ಲಿ ಅವಳು ಪೆಟ್ಟಿಗೆಯನ್ನು ಕೊಚ್ಚಿಯವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದಳು.

ಮರುದಿನವೇ ರವಿವಾರ. ಒಂದೇ ರಿಮೋಟಿನಿಂದ ಹಲವು ವಿಮಾನ ಹಾರಿಸಬಹುದು. ಪ್ರತಿಯೊಂದರ ಹೊಂದಿಕೆಯೂ ಬೇರೆಬೇರೆ ಹೆಸರಿನಲ್ಲಿ ಅದರೊಳಗಿರುತ್ತದೆ. ಹಿಂದಿನ ರಾತ್ರಿ ಮಗಳೇ ಕೂತು ಹಳದಿ ವಿಮಾನದ್ದನ್ನು ಹೊಂದಿಸಿಟ್ಟಿದ್ದಳು. ಹಾರಿಸುವ ಮುಂಚೆ ಪರದೆಯ ಮೇಲೆ ಆ ಹೆಸರನ್ನು ಆರಿಸಬೇಕು. ಆಮೇಲೆ ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿ, ಬಲ ರೆಕ್ಕೆಯ ಅಂಚಿನ ಪಟ್ಟಿ ಮೇಲೆದ್ದಿತೇ ಎಂದು ನೋಡಬೇಕು. ಕ್ರೇನಿನವನು ಇದನ್ನು ಸಾವಿರ ಸಲ ಹೇಳಿದ್ದ. ಅವನು ಹೇಳಿದ್ದ ಎಂಬ ಕಾರಣಕ್ಕೇ ನಾನು ಅಂದು ನೋಡಲಿಲ್ಲ.

ವಿಮಾನವನ್ನು ನೆಲಕ್ಕಿಟ್ಟಾಗ ಬೆನ್ನ ಹಿಂದಿನಿಂದ ಮಗಳು ಏನೋ ಕೇಳಿದಳು. ಮಲಯಾಳ ಎಂದು ತಿಳಿದದ್ದೇ ತಡ, ನನ್ನ ಕಿವಿ ರೂಢಿಯಂತೆ ಬಾಗಿಲು ಹಾಕಿಕೊಂಡಿತು. ಅವಳು ಮತ್ತೆ ಕೇಳಿದಳು, ಈ ಸಲ ಅವಸರದಲ್ಲಿ.

“ಕನ್ನಡ!” ಎಂದೆ, ತಿರುಗಿ ನೋಡದೆ.

ವಿಮಾನ ಚೆಂದವಾಗಿಯೇ ಎದ್ದಿತು. ತೆಂಗಿನ ಮರದೆತ್ತರ ಹೋದದ್ದು ಸ್ವಲ್ಪ ಎಡಕ್ಕೆ ವಾಲಿತು. ಕಡ್ಡಿಯನ್ನು ಬಲಕ್ಕೆ ತಳ್ಳಿದೆ. ಇನ್ನೂ ಎಡಕ್ಕೆ ಹೊರಳಿತು. ಗಾಬರಿಯಲ್ಲಿ ಪೂರ್ತಿ ಬಲಕ್ಕೆ ಒತ್ತಿದೆ. ಅದು ಅಂಗಾತ ಮಗುಚಿ, ಭತ್ತದ ಕೂಳೆಗಳ ನಡುವೆ ಮೂತಿ ಹೊಡೆದು ಚೂರಾಯಿತು.

“ಹಾಳ ಮಾಲು ಕೊಟ್ಟಾನ ಆ ಚಾಲೈದಾಂವ!” ಎಂದು ಕೂಗಾಡಿದೆ. ಬಯಲಿನ ಆ ತುದಿಯಿಂದ ಓಡಿಬಂದ ಕ್ರೇನಿನವನು ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಪರದೆಯನ್ನು ನನ್ನ ಕಡೆ ತಿರುಗಿಸಿದ. ಹಳೆಯ ವಿಮಾನದ ಹೆಸರೇ ಇತ್ತು. ಅದರ ಹೊಂದಿಕೆಯಲ್ಲಿ ಹಳದಿ ವಿಮಾನದ ಎಡಬಲ ತಿರುಗುಮುರುಗು. ಅವನು ಬೈದಿದ್ದರೆ ಜಗಳವನ್ನಾದರೂ ತೆಗೆಯಬಹುದಿತ್ತು.

ಮಗಳು ಕೂತು ಚೂರುಗಳನ್ನು ಆರಿಸುತ್ತಿದ್ದಳು. ಹತ್ತಿರ ಹೋಗಿ ಕೇಳಿದೆ: “ಅವಾಗ ಏನ ಕೇಳಿದ್ದಿ?”

“ರಿಮೋಟಿನ್ಯಾಗ ವಿಮಾನದ ಹೆಸರು ಬದಲಿ ಮಾಡೀಯೇನಪಾ, ಅಂತ ಕೇಳಿದ್ದೆ. ಎರಡ ಸಲ ಕೇಳಿದೆ.”

ಏಳು ವರ್ಷದಿಂದ ನಾನು ಕಾದಿದ್ದ ಧಾರವಾಡದ ಕನ್ನಡ. ಎಲ್ಲಿ ಇಟ್ಟುಕೊಂಡಿದ್ದಳೋ. ನನಗೆ ನಾಚಿಕೆಯಾಯಿತು. ಬೇರೆ ರೆಕ್ಕೆ ತರೋಣ, ಮುಂದಿನ ರವಿವಾರ ನೀನೇ ಮೊದಲು ಹಾರಿಸು ಎಂದೆ. ಅವಳು ಹಳದಿ ಚೂರುಗಳನ್ನು ಪೆಟ್ಟಿಗೆಗೆ ಹಾಕಿ, ಮುಚ್ಚಿ, ನನ್ನ ಕೈಗೆ ಕೊಟ್ಟಳು.

“ನಾ ಇನ್ನ ಬರೂದಿಲ್ಲಪಾ,” ಎಂದಳು. ಅದನ್ನೂ ಕನ್ನಡದಲ್ಲೇ ಹೇಳಿದಳು, ನನಗೆ ಕೇಳಿಸಲಿ ಎಂದು.