ಸಂತನ ಕೈಯ ಜಾಲರಿ

ಗೋವಾದ ಮಡ್ಕಯಿಯಲ್ಲಿ ನಾನು ವೆಲ್ಡಿಂಗ್ ಮಾಡುತ್ತಿದ್ದ ಶೆಡ್ಡಿನ ಹತ್ತಿರ ಸಂತ ಲಾರೆನ್ಸನ ಚಾಪೆಲ್, ಅಂದರೆ ಸಣ್ಣ ಪ್ರಾರ್ಥನಾ ಮಂದಿರ, ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕಿಯನ್ನು ನಾವೆಲ್ಲ ಮಾಯಿ ಅನ್ನುತ್ತಿದ್ದೆವು. ಅವರು ನಮ್ಮ ಉತ್ತರ ಕರ್ನಾಟಕದ ಕಡೆಯ ಕೂಲಿಕಾರರಿಂದ ಕನ್ನಡ ಕಲಿತಿದ್ದರು. ಯಾರು ಏನೇ ಸುದ್ದಿ ತಂದರೂ ಬೆರಳೆತ್ತಿ, "ಅರ್ಧಾ ಹೇಳಬ್ಯಾಡ" ಎಂದು ಪೂರ್ತಿ ಕೇಳಿಯೇ ಬಿಡುತ್ತಿದ್ದರು.

ಒಮ್ಮೆ ಸಂತನ ಹಬ್ಬದ ಮುನ್ನಾದಿನ, ಅವನ ಮೂರ್ತಿಯ ಕೈಯಲ್ಲಿದ್ದ ಕಬ್ಬಿಣದ ಜಾಲರಿ ತುಕ್ಕು ಹಿಡಿದು ಮುರಿಯಿತು. ಅದರ ಬದಲು ಹೂಗೊಂಚಲು ಹಿಡಿಸಿ ಮೆರವಣಿಗೆ ಮಾಡೋಣ ಎಂದರು ಹಬ್ಬದ ಸಮಿತಿಯವರು. ಮಾಯಿ ಬಾಗಿಲಿಗೆ ಬೀಗ ಹಾಕಿ, ಮುರಿದ ತುಂಡು ಹಿಡಿದು ಮಳೆಯಲ್ಲೇ ನನ್ನ ಶೆಡ್ಡಿಗೆ ಬಂದರು.

"ಇದೇನ್ರಿ ಮಾಯಿ?"

"ಚರ್ಚಿನ ಗಂಟು ಕೊಡು ಅಂದ್ರು ರೋಮಿನ ಅಧಿಕಾರಿಗಳು. ಇಂವ ಬಡವರನ್ನ ಕರ್ಕೊಂಡ್ಹೋಗಿ, ಇವರೇ ನಮ್ಮ ಗಂಟು ಅಂದ. ಅದಕ್ಕ ಇಂಥಾದ್ರ ಮ್ಯಾಲ ಮಲಗಿಸಿ ಸುಟ್ರು. ಹೂ ಹಿಡಿಸಿದ್ರ ಅವನ ಕಥಿ ಅರ್ಧಾ ಆಕ್ಕೈತಿ."

"ಸ್ಟೀಲಿಂದು ಮಾಡ್ಲೇನ್ರಿ? ಚಲೋ ಹೊಳಿತೈತಿ."

"ಬ್ಯಾಡ. ಅವನ್ನ ಸುಟ್ಟದ್ದು ಹೊಳಿತಿದ್ದಿಲ್ಲ."

ಕಬ್ಬಿಣದಲ್ಲೇ ಹೊಸ ಜಾಲರಿ ಮಾಡಿದೆ. ಕೆಲಸ ಮುಗಿಯುವವರೆಗೆ ಮಾಯಿ ಒದ್ದೆ ಫ್ರಾಕಿನಲ್ಲೇ ನಿಂತಿದ್ದರು.

ಮರುದಿನ ಬೆಳಿಗ್ಗೆ ಸಮಿತಿಯವರು ಚಾಪೆಲಿನ ಮುಂದೆ ಸಿಟ್ಟಿನಿಂದ ಕಾಯುತ್ತಿದ್ದರು. ಮಾಯಿ ಬೀಗ ತೆಗೆದು ಮೊದಲು ನನ್ನನ್ನು ಒಳಗೆ ಕರೆದರು.

"ನಾ ಹಿಂದೂ ಅದೀನ್ರಿ. ಮುಟ್ಟಬಹುದೇನ್ರಿ?"

"ಕಾದ ಕಬ್ಬಿಣ ಅಂದ್ರೇನು ಅಂತ ಇಲ್ಲಿ ನಿನಗಷ್ಟ ಗೊತ್ತು. ನೀನ ಹಿಡಿಸು."

ಜಾಲರಿಯನ್ನು ಮೂರ್ತಿಯ ಕೈಗೆ ಹಿಡಿಸಿದೆ. ಮಾಯಿ ಒಂದು ಹೆಜ್ಜೆ ಹಿಂದೆ ಸರಿದು ಮೂರ್ತಿಯನ್ನು ನೋಡಿದರು. ಆಮೇಲೆ ಸಮಿತಿಯವರತ್ತ ತಿರುಗಿ ಕೊಂಕಣಿಯಲ್ಲಿ ಹೇಳಿದರು: "ಈಗ ಲಾರೆನ್ಸ್ ಬಂದ. ಎತ್ತಿಕೊಳ್ಳಿ."