ಬಿಲ್ವಪತ್ರೆ ಕಿತ್ತ ಗಾಳದ ಕೋಲು

ತುಮಕೂರಿನಿಂದ ಸಮುದ್ರ ನೋಡಬೇಕೆಂದರೆ ಒಂದಿಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಯಾರೂ ಮೊಟ್ಟೆ ಕೂಡ ಮುಟ್ಟಿದವರಲ್ಲ. ಸಾಲದ್ದಕ್ಕೆ ನನಗೆ ಈಜು ಬರುವುದಿಲ್ಲ. ಇಷ್ಟೆಲ್ಲ ಅರ್ಹತೆ ಇಟ್ಟುಕೊಂಡು ನಾನು ಹೋದ ವರ್ಷ, ಉಪ್ಪುನೀರಿನಲ್ಲಿ ಕಯಾಕ್ ಎಂಬ ಕಿರುದೋಣಿಯ ಮೇಲೆ ಕೂತು ಮೀನು ಹಿಡಿಯಲು ಒಂದು ಫಿಶಿಂಗ್ ರಾಡ್ ಹುಡುಕಲು ಹೊರಟೆ. ಬೆಲೆ ಕಮ್ಮಿ ಇರಬೇಕು, ಒಂದೇ ರಾಡ್ ಎಲ್ಲದಕ್ಕೂ ಒದಗಬೇಕು.

ಕಾರಣ ನನ್ನ ಭಾವಮೈದ, ಹೆಂಡತಿಯ ತಮ್ಮ. ಬ್ಯಾಂಕಿನವರು ಅವನನ್ನು ಕಾರವಾರಕ್ಕೆ ಹಾಕಿದ್ದರು. ಮಾತಿಗೆ ಜನವಿಲ್ಲದೆ ಬೇಸತ್ತು ಯಾರಿಂದಲೋ ಹಳೆಯದೊಂದು ಕಯಾಕ್ ಕೊಂಡ. ಅದೋ ಇಬ್ಬರು ಕೂರುವಂಥದ್ದು. ಹಿಂದೆ ಒಬ್ಬನೇ ಕೂತರೆ ಮೂತಿ ಮೇಲೆದ್ದು, ಗಾಳಿ ತಳ್ಳಿದ ಕಡೆಗೆ ತಿರುಗಿಬಿಡುತ್ತದಂತೆ. ಮುಂದಿನ ಸೀಟಿಗೆ ನನ್ನನ್ನು ಕರೆಯುತ್ತಲೇ ಇದ್ದ. ರಾಡ್ ನೋಡ್ತಾ ಇದೀನಿ, ಸಿಕ್ಕಿದ ತಕ್ಷಣ ಬರ್ತೀನಿ ಎಂದು ನಾನೂ ಹೇಳುತ್ತಲೇ ಇದ್ದೆ. ಮಾತಿಗೊಮ್ಮೆ ನಗುತ್ತಿದ್ದವನು ಒಂದು ಭಾನುವಾರ ನಗದೆ ಹೇಳಿದ:

"ಬಿಡಿ ಭಾವ. ದೀಪಾವಳಿವರೆಗೂ ನೋಡ್ತೀನಿ, ಆಮೇಲೆ ಮಾರ್ಬಿಡ್ತೀನಿ. ಖಾಲಿ ಸೀಟ್ ನೋಡ್ಕೊಂಡು ಹುಟ್ಟು ಹಾಕೋಕೆ ಒಂಥರಾ ಆಗುತ್ತೆ."

ಫೋನಿಟ್ಟ ಮೇಲೆ ಆ ಖಾಲಿ ಸೀಟು ನನ್ನ ಎದೆಯ ಮೇಲೆ ಬಂದು ಕೂತಿತು. ಚಿಂತೆ ನನಗೆ ಹೊಸದಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಕ್ಯಾತ್ಸಂದ್ರದಿಂದ ವಾಪಸ್ ಬಂದವನು ನಾನು. ಈಗ ಚಿಂತೆಗೆ ಯೂಟ್ಯೂಬಿನ ಬೆಂಬಲವೂ ಸಿಕ್ಕಿತು. ರಾಡ್ ಉದ್ದವಾದರೆ ಕೂತಲ್ಲಿಂದ ಮೀನನ್ನು ಹತ್ತಿರ ಎಳೆದುಕೊಳ್ಳಲಾಗದು. ಗಿಡ್ಡವಾದರೆ ಮೀನು ಆಚೆ ಪಕ್ಕಕ್ಕೆ ಓಡಿದಾಗ ದಾರವನ್ನು ಕಯಾಕಿನ ಮೂತಿ ಸುತ್ತಿಸಿ ತರಲಾಗದು. ತೀರಾ ಬಳುಕಿದರೆ ದೊಡ್ಡ ಮೀನಿಗೆ ಲೆಕ್ಕವಿಲ್ಲ, ತೀರಾ ಬಿಗಿಯಾದರೆ ಸಣ್ಣದು ಕಚ್ಚಿದ್ದೇ ತಿಳಿಯದು. ಹಿಡಿ ಉದ್ದವಾದರೆ ಲೈಫ್ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ಹೆಣ್ಣು ನೋಡಲು ಹೋದವರೂ ಇಷ್ಟು ಕೊಂಕು ತೆಗೆಯುವುದಿಲ್ಲ.

ತುಮಕೂರಿನ ಆಟದ ಸಾಮಾನಿನ ಅಂಗಡಿಯಲ್ಲಿ ಸಮುದ್ರ ಎಂದದ್ದಕ್ಕೆ ಈಜುವ ಕನ್ನಡಕ ತೋರಿಸಿದರು. ಗುಬ್ಬಿಯಲ್ಲಿ ಬಲೆ, ನೈಲಾನ್ ದಾರ ಮಾರುವ ಅಂಗಡಿಯೊಂದರಲ್ಲಿ ರಾಡ್‌ಗಳಿದ್ದವು. ಕಯಾಕಿನ ರಾಡನ್ನು ಕೂತೇ ಪರೀಕ್ಷಿಸಬೇಕು ಎಂದು ವಿಡಿಯೊದಲ್ಲಿ ಒತ್ತಿ ಹೇಳಿದ್ದರಿಂದ ನಾನು ಅಂಗಡಿಯ ನೆಲದ ಮೇಲೆ ಕಾಲು ನೀಡಿ ಕೂತು, ಬೀಸಲು ಕೈಯೆತ್ತಿದೆ. ಅಂಗಡಿಯವನು ಓಡಿ ಬಂದು, ತಲೆ ಸುತ್ತು ಬಂತಾ ಸ್ವಾಮಿ ಎಂದು ನೀರು ಕೊಟ್ಟ. ಕುಡಿದೆ. ಕಾರಣ ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಕಡೆಗೆ ಸಿಕ್ಕಿದ್ದು ಕುಣಿಗಲ್‌ನಲ್ಲಿ. ಏಳಡಿಗೆ ತುಸು ಕಮ್ಮಿ, ಎರಡು ತುಂಡಾಗಿ ಬಿಚ್ಚಿ ಬಸ್ಸಿನಲ್ಲಿ ಒಯ್ಯಬಹುದಾದ, ಹೆಚ್ಚು ಬಳುಕದ ಹೆಚ್ಚು ಬಿಗಿಯಲ್ಲದ ಫೈಬರ್ ರಾಡ್. ಯಾವ ಕೆರೆಗೆ ಎಂದು ಅಂಗಡಿಯವನು ಕೇಳಿದ. ಅರಬ್ಬಿ ಸಮುದ್ರಕ್ಕೆ ಎಂದೆ. ಅವನು ನನ್ನ ಹಣೆಯ ವಿಭೂತಿ ನೋಡಿ, ಇನ್ನೇನೂ ಕೇಳದೆ ನಾಲ್ಕು ಗಾಳಗಳನ್ನು ಪುಕ್ಕಟೆಯಾಗಿ ಕಾಗದದಲ್ಲಿ ಕಟ್ಟಿಕೊಟ್ಟ.

ಮನೆಗೆ ಬಂದಮೇಲೆ ತುಕ್ಕಿನ ಚಿಂತೆ. ದಾರ ಹಾಯುವ ಬಳೆಗಳು ಉಪ್ಪುನೀರನ್ನು ತಾಳುತ್ತವೋ ಇಲ್ಲವೋ? ರೀಲ್, ದಾರ, ಗಾಳ ಎಲ್ಲ ಕಟ್ಟಿ, ಹಿತ್ತಿಲಲ್ಲಿ ಒಂದು ಬಕೆಟ್ಟಿಗೆ ಅಡುಗೆ ಉಪ್ಪು ಸುರಿದು, ರಾಡನ್ನು ತಲೆಕೆಳಗಾಗಿ ಅದ್ದಿ ಆಫೀಸಿಗೆ ಹೋದೆ.

ಸಂಜೆ ಬಂದರೆ ರಾಡಿಗೆ ಮೂರು ಎಳೆ ವಿಭೂತಿ, ಕುಂಕುಮ, ಒಂದು ದಾಸವಾಳ. ಮನೆಗೆ ಹೊಸದೇನೇ ಬರಲಿ, ಸ್ಕೂಟರಾಗಲಿ ಮಿಕ್ಸಿಯಾಗಲಿ, ಅದು ಏನೆಂದು ಕೇಳುವ ಮೊದಲೇ ಅಮ್ಮ ಪೂಜೆ ಮುಗಿಸಿರುತ್ತಾಳೆ. ಇಲ್ಲಿ ಅಷ್ಟಕ್ಕೇ ನಿಂತಿರಲಿಲ್ಲ. ಪಕ್ಕದ ಮನೆಯ ಬಿಲ್ವದ ಮರ ನಮ್ಮ ಕಾಂಪೌಂಡಿನ ಮೇಲೆ ಬಾಗಿದೆ. ಎತ್ತರದ ಎಲೆ ಎಟುಕುವುದಿಲ್ಲ, ಒಂದು ದೋಟಿ ತಂದುಕೊಡೋ ಎಂದು ಅವಳು ಹೇಳುತ್ತಲೇ ಇದ್ದಳು. ಮಗ ಕಡೆಗೂ ತಂದ ಎಂದುಕೊಂಡು ಗಾಳವನ್ನು ಕೊಂಬೆಗೆ ಹಾಕಿ ಬುಟ್ಟಿ ತುಂಬ ಪತ್ರೆ ಎಳೆದುಕೊಂಡಿದ್ದಳು. ಅದರಲ್ಲಿ ಲಿಂಗಪೂಜೆಯೂ ಆಗಿತ್ತು.

"ಎಷ್ಟು ಹಗೂರ ಐತೆ ಕಣಪ್ಪ. ಒಳ್ಳೇ ದೋಟಿ ತಂದೆ," ಎಂದಳು.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ದೀಪಾವಳಿ ಹತ್ತಿರವಿತ್ತು. ಇನ್ನೊಂದು ರಾಡ್ ಆರಿಸುವಷ್ಟು ಆಯಸ್ಸು ನನಗಿರಲಿಲ್ಲ. ಎರಡು ದಿನ ಅದನ್ನು ದೋಟಿಯೆಂದೇ ನಡೆಸಿ, ಮೂರನೆಯ ದಿನ ಎಲ್ಲ ಹೇಳಿಬಿಟ್ಟೆ. ಕಯಾಕ್, ಖಾಲಿ ಸೀಟು, ಮೀನು. ಅಮ್ಮ ರಾಡನ್ನು ಕೈಗೆತ್ತಿಕೊಂಡಳು.

"ಶಿವನಿಗೆ ಪತ್ರೆ ಕಿತ್ತ ಕೋಲು. ಇದ್ರಲ್ಲಿ ಜೀವ ತೆಗೆಯಂಗಿಲ್ಲ."

"ಹಂಗಾದ್ರೆ ಹೋಗೋದು ಬೇಡ್ವಾ?"

"ಹೋಗ್ಬೇಡ ಅಂದ್ನಾ? ಆ ಹುಡುಗ ಒಬ್ನೇ ಕೂತವ್ನೆ, ಹೋಗ್ಬಾ. ಗಾಳ ಬಿಚ್ಚಿಟ್ಟು ಹೋಗು."

"ಗಾಳ ಇಲ್ದೆ ಮೀನು ಹೆಂಗಮ್ಮ ಹಿಡಿಯೋದು?"

"ಇದ್ದಿದ್ರೆ ಹಿಡೀತಿದ್ಯೇನೋ?"

ಗಾಳ ಬಿಚ್ಚಿಟ್ಟೆ.

ಹೀಗೆ ನಾನು, ಗದ್ದದವರೆಗೆ ಲೈಫ್ ಜಾಕೆಟ್ ಬಿಗಿದುಕೊಂಡು, ಕಾರವಾರದ ಸಮುದ್ರದಲ್ಲಿ ಮುಂದಿನ ಸೀಟಿನ ಮೇಲೆ ಕೂತು, ಬರೀ ಸೀಸದ ಗುಂಡು ಕಟ್ಟಿದ ದಾರವನ್ನು ನೀರಿಗೆ ಬಿಟ್ಟೆ. ಭಾವಮೈದನಿಗೆ ವಿಷಯ ಹೇಳಿದ್ದೆ. ಅವನು ತಲೆಯಾಡಿಸಿ ಹುಟ್ಟು ಹಾಕುತ್ತಿದ್ದ. ಬಂದದ್ದು ವ್ಯರ್ಥವಾಯಿತೇನೋ ಎಂಬ ಚಿಂತೆ ಶುರುವಾಗುವ ಹೊತ್ತಿಗೆ ರಾಡಿನ ತುದಿ ಬಾಗಿತು.

ಕಲ್ಲಿಗೆ ಸಿಕ್ಕಿರಬೇಕೆಂದು ರೀಲ್ ಸುತ್ತಿದೆ. ಮೇಲೆ ಬಂದದ್ದು ಅಂಗೈಯಗಲದ ಒಂದು ಏಡಿ. ಸೀಸದ ಗುಂಡನ್ನು ಎರಡೂ ಕೊಂಡಿಯಲ್ಲಿ ಅಪ್ಪಿ ಹಿಡಿದಿತ್ತು. ಬಿಡಿಸಲು ರಾಡನ್ನು ಒದರಿದೆ. ಬಿಟ್ಟಿತು, ನೇರವಾಗಿ ನನ್ನ ಪಾದಗಳ ನಡುವೆ ಬಿತ್ತು. ಎರಡೂ ಕಾಲನ್ನು ಮೇಲೆತ್ತಿದೆ. ಕಯಾಕ್ ತೊಟ್ಟಿಲಾಯಿತು.

"ಭಾವ, ಅಲ್ಲಾಡ್ಬೇಡಿ."

"ನಾನಲ್ಲ ಕಣೋ, ಅದು ಅಲ್ಲಾಡ್ತಿರೋದು."

ಹಿಂದಿನಿಂದ ವಿಚಿತ್ರ ಸದ್ದು ಬಂತು. ಅಳುತ್ತಿದ್ದಾನೇನೋ ಎಂದು ಗಾಬರಿಯಾಗಿ ಕತ್ತು ತಿರುಗಿಸಿದೆ. ನಗುತ್ತಿದ್ದ. ಹುಟ್ಟನ್ನು ತೊಡೆಯ ಮೇಲೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದ. ಕಯಾಕ್ ತನ್ನ ಪಾಡಿಗೆ ತಾನು ಗಿರ್ರನೆ ತಿರುಗಿತು. ಅವನು ಸುಧಾರಿಸಿಕೊಂಡು ಟಿಫನ್ ಡಬ್ಬಿಯ ಮುಚ್ಚಳ ಕೊಡುವವರೆಗೂ ನಾನು ಕಾಲು ಮೇಲೆತ್ತಿಕೊಂಡೇ ಸಮುದ್ರದಲ್ಲಿ ಪ್ರದಕ್ಷಿಣೆ ಹಾಕಿದೆ. ಮುಚ್ಚಳದಲ್ಲಿ ಗೋರಿ ಏಡಿಯನ್ನು ನೀರಿಗೆ ಕಳಿಸಿದೆವು.

ದಡದಲ್ಲಿ ಒಬ್ಬರು ಕಾಯುತ್ತಿದ್ದರು. ಕಯಾಕ್ ಕೊಳ್ಳಲು ಬಂದವರು. ಭಾವಮೈದ ಒದ್ದೆ ಬಟ್ಟೆಯಲ್ಲೇ ಹೋಗಿ ಕ್ಷಮೆ ಕೇಳಿದ. ಮಾರುವುದಿಲ್ಲವಂತೆ, ಮುಂದಿನ ಸೀಟಿಗೆ ಕಾಯಂ ಜನ ಸಿಕ್ಕಿದ್ದಾರಂತೆ.

ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.